ಬಸವಂತಪ್ಪನವರಿಗೆ ಎಂಟು ಮನೆ

ಬಸವಂತಪ್ಪನವರ ಬಗ್ಗೆ ಬರೆಯಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ಅವರ ಬಗ್ಗೆ ಈ ಊರಿನಲ್ಲಿ ಉಳಿದಿರುವ ಬರಹವೆಂದರೆ ನಮ್ಮ ಕನ್ನಡ ಕೂಟದ ನಡಾವಳಿ ಪುಸ್ತಕದ ಆರು ಸಾಲು ಮಾತ್ರ. ಅದರಲ್ಲಿ ನಾಲ್ಕು ಸಾಲು ಸುಳ್ಳು. ಕೂಟದ ಕಾರ್ಯದರ್ಶಿಯಾಗಿ ಅದನ್ನು ಬರೆದವಳು ನಾನೇ.

ಅಮೆರಿಕದ ಈ ಫ್ರೀಮಾಂಟಿನ ಇಂಡಿಯನ್ ಗ್ರೋಸರಿ ಅಂಗಡಿಗೆ ಹೋಗುತ್ತಿದ್ದ ಎಲ್ಲ ಕನ್ನಡದವರಿಗೂ ಅವರು ಗೊತ್ತಿದ್ದರು. ಎಡಗಾಲನ್ನು ಸ್ವಲ್ಪ ಎಳೆದು ನಡೆಯುವ, ಐವತ್ತು ದಾಟಿದ, ಮೀಸೆಯನ್ನು ಮಾತ್ರ ಇನ್ನೂ ಪಲ್ಟನ್ನಿನ ಶಿಸ್ತಿನಲ್ಲಿಟ್ಟಿದ್ದ ಮನುಷ್ಯ. ಅಕ್ಕಿ ಮೂಟೆಯನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮ ಕಾರಿನ ಡಿಕ್ಕಿಯಲ್ಲಿ ಇಡುತ್ತಿದ್ದರು. ಯಾರ ಮನೆಗೆ ಸೋನಾ ಮಸೂರಿ, ಯಾರ ಮನೆಗೆ ಕುಚ್ಚಲಕ್ಕಿ ಎಂದು ಕೇಳಬೇಕಾಗಿರಲಿಲ್ಲ. ಜೋಳದ ಹಿಟ್ಟು ಬಂದ ದಿನ ಮಾತ್ರ ಮುಖ ಅರಳುತ್ತಿತ್ತು. ನಾವು ಯಾರೂ ಅದನ್ನು ಕೊಳ್ಳುತ್ತಿರಲಿಲ್ಲ.

ಗೋಕಾಕದ ಕಡೆಯವರು. ಹತ್ತೊಂಬತ್ತಕ್ಕೆ ಸೇನೆ ಸೇರಿದ್ದರು. ಅರವತ್ತೆರಡರ ಯುದ್ಧದಲ್ಲಿ ಹಿಮ ಕಚ್ಚಿ ಎಡಗಾಲಿನ ಮೂರು ಬೆರಳು ಹೋದವು. ಆಮೇಲೆ ಅವರನ್ನು ಬೆಟ್ಟದ ಠಾಣೆಯೊಂದರ ರೇಷನ್ ಉಗ್ರಾಣಕ್ಕೆ ಹಾಕಿದರು, ಹವಾಲ್ದಾರರಾಗಿ ನಿವೃತ್ತರಾದರು. ಹೆಂಡತಿ ಮದುವೆಯಾದ ಎರಡನೇ ವರ್ಷವೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೆಂಗಳೂರಿನಲ್ಲಿ ಕರ್ನಲ್ ಒಬ್ಬರ ಮನೆಯಲ್ಲಿ ಅಡುಗೆಗೆ ಇದ್ದಾಗ ಕರ್ನಲ್ ಮಗಳು, ಡಾಕ್ಟರು, ತನ್ನ ಮಕ್ಕಳನ್ನು ನೋಡಿಕೊಳ್ಳಲೆಂದು ಅವರನ್ನು ಇಲ್ಲಿಗೆ ಕರೆಸಿಕೊಂಡಳು. ನಾಲ್ಕು ವರ್ಷ ಕಳೆದು ಮಕ್ಕಳು ದೊಡ್ಡವರಾದರು, ಡಾಕ್ಟರು ಟೆಕ್ಸಸ್ಸಿಗೆ ಹೋದಳು. ಹೊಸ ಮನೆಗೆ ಬಸವಂತಪ್ಪನವರು ಬೇಕಾಗಲಿಲ್ಲ. ಅವರು ಅಂಗಡಿ ಸೇರಿದರು, ಅದರ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದರು.

ನನ್ನ ಕೆಲಸವನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ನಾಚಿಕೆಗೇಡು ಪೂರ್ತಿ ತಿಳಿಯುವುದಿಲ್ಲ. ಪಾಲೋ ಆಲ್ಟೋದ ಯೂನಿವರ್ಸಿಟಿಯಲ್ಲಿ ನಾನು ಇತಿಹಾಸದ ಸಂಶೋಧಕಿ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಯುದ್ಧದಿಂದ ರೋಗ ಹತ್ತಿಸಿಕೊಂಡೋ ಅಂಗ ಕಳೆದುಕೊಂಡೋ ಮರಳಿದ ಸಿಪಾಯಿಗಳು ಜಿಲ್ಲೆಯ ನ್ಯಾಯಾಧೀಶರಿಗೆ ಬರೆಸಿದ ಅರ್ಜಿಗಳನ್ನು ಮೈಕ್ರೋಫಿಲ್ಮಿನಲ್ಲಿ ಓದುವುದು, ಅದರ ಮೇಲೆ ಬರೆಯುವುದು. ಆ ಕಾಲದಲ್ಲಿ ಇಂಥವರನ್ನು ಸಾಕುವ ಭಾರ ಅವರವರ ಊರಿನದು. ಹಾಗಾಗಿ ಊರುಗಳು ಜಗಳಕ್ಕೆ ಬೀಳುತ್ತಿದ್ದವು. ಇವನು ಹುಟ್ಟಿದ್ದು ಅಲ್ಲಿ, ಅವರು ನೋಡಿಕೊಳ್ಳಲಿ ಎಂದು ಇವರು, ಸೇನೆಗೆ ಸೇರಿದ್ದು ನಿಮ್ಮೂರಿಂದ ಎಂದು ಅವರು. ಕ್ಯಾಪ್ಟನ್ನಿನ ಪತ್ರ ತಾ ಎಂದು ಇನ್ನೊಬ್ಬರು. ಕೆಲವು ಕಡೆ ಸಿಪಾಯಿಯನ್ನು ಗಾಡಿಯಲ್ಲಿ ಹಾಕಿ ಊರಗಡಿಯವರೆಗೆ ಒಯ್ದು ಇಳಿಸಿ ಬಂದುಬಿಡುತ್ತಿದ್ದರು. ಕೂಟದಲ್ಲಿ ಒಮ್ಮೆ ನಾನು ಇದರ ಮೇಲೆ ಭಾಷಣ ಮಾಡಿದೆ. ಎಲ್ಲರೂ ಛೆ ಛೆ ಎಂದರು. ಆ ದಿನ ಕುರ್ಚಿ ಜೋಡಿಸಿದವರು ಬಸವಂತಪ್ಪನವರು. ನಾನು ಅವರತ್ತ ನೋಡಿದ ನೆನಪಿಲ್ಲ.

ಎಂಬತ್ತೈದರ ಬೇಸಿಗೆಯಲ್ಲಿ ಅವರ ಎಡಗಾಲಿನಲ್ಲಿ ಹುಣ್ಣಾಯಿತು. ಸಕ್ಕರೆ ಕಾಯಿಲೆ ಇದ್ದದ್ದು ಅವರಿಗೇ ಗೊತ್ತಿರಲಿಲ್ಲ. ಕೌಂಟಿಯ, ಅಂದರೆ ಜಿಲ್ಲೆಯ, ಸರ್ಕಾರಿ ಆಸ್ಪತ್ರೆಯಲ್ಲಿ ಪಾದದ ಮುಂಭಾಗ ಕತ್ತರಿಸಿದರು. ಎರಡು ತಿಂಗಳು ಚೊಕ್ಕ ಹಾಸಿಗೆ, ದಿನಾ ಡ್ರೆಸ್ಸಿಂಗು, ಕಾಲು ಎತ್ತರಕ್ಕಿಟ್ಟು ಮಲಗುವುದು. ಇಷ್ಟಾದರೆ ಕಾಲು ಉಳಿಯುತ್ತದೆ, ಆಗದಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ಯಾವುದಾದರೂ ಮನೆಗೆ ಹೋಗುವುದಿದ್ದರೆ ಕಳಿಸುತ್ತೇವೆ, ಇಲ್ಲದಿದ್ದರೆ ದಿಕ್ಕಿಲ್ಲದ ರೋಗಿಗಳಿಗೆಂದು ಕೌಂಟಿ ದೂರದಲ್ಲಿ ನಡೆಸುವ ಕೇರ್ ಹೋಮಿಗೆ ಎಂದರು. ಅಂಗಡಿಯ ಯಜಮಾನ ಕೋಣೆಯಲ್ಲಿ ಬಚ್ಚಲಿಲ್ಲ ಎಂದು ಕೈ ಚೆಲ್ಲಿದ. ಬಸವಂತಪ್ಪನವರು ಆಸ್ಪತ್ರೆಯಿಂದ ಫೋನು ಮಾಡಿದ್ದು ಕೂಟದ ಅಧ್ಯಕ್ಷ ಶೇಷಗಿರಿಯವರಿಗೆ. ಜೋಳದ ರೊಟ್ಟಿ ಇಲ್ಲದಿದ್ದರೂ ನಡೆಯುತ್ತದೆ, ಮಾತಾಡುವವರು ಇಲ್ಲದ ಕಡೆ ಮಾತ್ರ ಕಳಿಸಬೇಡಿ ಎಂದು ಕೇಳಿಕೊಂಡರಂತೆ.

ಶೇಷಗಿರಿಯವರ ಮನೆಯಲ್ಲಿ ಮೀಟಿಂಗು ಸೇರಿತು. ಮೊದಲ ಒಂದು ಗಂಟೆ ಇವರು ಯಾರವರು ಎಂಬುದರಲ್ಲೇ ಹೋಯಿತು. ನಮ್ಮಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರು. ಉಡುಪಿ, ಮಂಗಳೂರಿನವರದು ಒಳಗೊಳಗೇ ಬೇರೆ ಬಳಗ. ಬೆಳಗಾವಿ ಕಡೆಯವರನ್ನು ಆ ಕಡೆಯವರೇ ನೋಡಿಕೊಳ್ಳಬೇಕು ಎಂದರು ಫ್ರೀಮಾಂಟಿನ ಜಯರಾಜ್, ಉಡುಪಿಯವರು. ಆ ಕಡೆಯವರೆಂದರೆ ಎರಡೇ ಮನೆ, ಒಂದರಲ್ಲಿ ಬಾಣಂತಿ. ಮರಾಠಿ ಮಂಡಳಿಯನ್ನು ಕೇಳಬಾರದೇಕೆ ಎಂದು ಯಾರೋ ಸೂಚಿಸಿದರು. ಇನ್ನೊಬ್ಬರಿಗೆ ಅವರು ನಿಜವಾಗಿ ಸೈನಿಕರೇ ಎಂಬ ಅನುಮಾನ. ಆಗ ಕಾಗದಪತ್ರ ನೋಡಿದರೆ ತಿಳಿಯುತ್ತದೆ ಎಂದವಳು ನಾನು. ಮಾರನೆಯ ದಿನ ಅಂಗಡಿಯ ಕೋಣೆಯಲ್ಲಿದ್ದ ಟ್ರಂಕು ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಅವರ ಸೇನೆಯ ಡಿಸ್ಚಾರ್ಜ್ ಬುಕ್ಕನ್ನು ಓದಿದೆ. ನಡತೆ ಅತ್ಯುತ್ತಮ ಎಂದು ಬರೆದಿತ್ತು. ನನಗೆ ಮೊದಲು ಬಂದ ಯೋಚನೆ, ನನ್ನ ಅಧ್ಯಾಯಕ್ಕೆ ಇದೊಂದು ಒಳ್ಳೆಯ ಅಡಿಟಿಪ್ಪಣಿ ಆಗುತ್ತದಲ್ಲ ಎಂಬುದು.

ದಾರಿ ತೋರಿಸಿದವರು ಶೇಷಗಿರಿಯವರೇ. ಅವರು ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಯ ಊಟದಲ್ಲಿ ಇಂಜಿನಿಯರಾದವರು. ಅದನ್ನೇ ಇಲ್ಲಿ ಮಾಡೋಣ, ದಿನಕ್ಕೊಂದು ಮನೆಯ ಬದಲು ವಾರಕ್ಕೊಂದು ಮನೆ, ಎಂಟು ವಾರಕ್ಕೆ ಎಂಟು ಮನೆ ಎಂದರು. ಜಯರಾಜರೂ ಒಪ್ಪಿದರು, ಏಕೆಂದರೆ ಅವರ ಹೆಂಡತಿ ಸೌದಾಮಿನಿ ನರ್ಸು, ಆಕೆ ಎಲ್ಲರೆದುರೇ ನಮ್ಮ ಮನೆ ಬರೆದುಕೊಳ್ಳಿ ಎಂದಳು. ಭಾನುವಾರ ಒಂದು ಮನೆಯವರು ಮುಂದಿನ ಮನೆಗೆ ತಲುಪಿಸಬೇಕು. ಆದರೆ ಆ ಭಾನುವಾರ ಯಾರದು? ಬಿಡುವ ಮನೆಯದೋ, ಬರಮಾಡಿಕೊಳ್ಳುವ ಮನೆಯದೋ? ಅದನ್ನು ನಾವು ತೀರ್ಮಾನಿಸಲಿಲ್ಲ. ಇಷ್ಟು ಓದಿದ ಇಪ್ಪತ್ತು ಜನರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ನನಗಾದರೂ ಹೊಳೆಯಬೇಕಿತ್ತು.

ನಮ್ಮದು ಮೂರನೆಯ ವಾರ. ಆಗ ನನ್ನ ಅತ್ತೆ ವೇದವತಿ ಮೈಸೂರಿನಿಂದ ಬಂದಿದ್ದರು. ಬಸವಂತಪ್ಪನವರಿಗೆ ಹಾಲಿನ ಸೋಫಾವನ್ನೇ ಹಾಸಿಗೆ ಮಾಡಿದೆವು. ಮೊದಲ ದಿನವೇ ಅತ್ತೆ ಅವರಿಗೆ ಪೇಪರ್ ಪ್ಲೇಟಿನಲ್ಲಿ ಬಡಿಸಿದರು. ನಾವೆಲ್ಲ ಸ್ಟೀಲ್ ತಟ್ಟೆಯಲ್ಲಿ ಉಂಡೆವು. ಅಮೆರಿಕದಲ್ಲಿ ಪೇಪರ್ ಪ್ಲೇಟಿಗೆ ಯಾರೂ ತಪ್ಪು ಹುಡುಕಲಾರರು, ಪಾರ್ಟಿಗಳಲ್ಲಿ ದೊಡ್ಡ ದೊಡ್ಡವರೇ ಅದರಲ್ಲಿ ತಿನ್ನುತ್ತಾರೆ. ಅತ್ತೆ ತೊಳೆಯುವ ಕೆಲಸ ತಪ್ಪಿತು ಎಂದರು. ಅದು ತೊಳೆಯುವ ಮಾತಲ್ಲ ಎಂದು ನನಗೂ ಗೊತ್ತಿತ್ತು, ನನ್ನ ಗಂಡ ಅರವಿಂದನಿಗೂ ಗೊತ್ತಿತ್ತು, ಬಸವಂತಪ್ಪನವರಿಗಂತೂ ಚೆನ್ನಾಗಿ ಗೊತ್ತಿತ್ತು. ಉಂಡಾದ ಮೇಲೆ ಅವರು ಪ್ಲೇಟನ್ನು ನಾಲ್ಕು ಮಡಿಕೆ ಮಾಡಿ ಕುಂಟುತ್ತಾ ಹೋಗಿ ಕಸದ ಬುಟ್ಟಿಗೆ ಹಾಕಿ ಬರುತ್ತಿದ್ದರು. ಏಳು ದಿನವೂ ನಾನು ಬಾಯಿ ಬಿಡಲಿಲ್ಲ. ಮನೆಯಲ್ಲಿ ಜಗಳ ಬೇಡವೆಂದು ಅಂದುಕೊಳ್ಳುತ್ತಿದ್ದೆ. ಹೇಡಿತನಕ್ಕೆ ನಾನು ಇಟ್ಟುಕೊಂಡ ಹೆಸರು ಅದು.

ಡ್ರೆಸ್ಸಿಂಗನ್ನು ಮಾತ್ರ ಸರಿಯಾಗಿ ಮಾಡಿದೆ. ಗಾಯ ಒಣಗುತ್ತಾ ಬಂದಿತ್ತು. ಗುಲಾಬಿ ಬಣ್ಣದ ಹೊಸ ಚರ್ಮವನ್ನು ಅವರು ಬಗ್ಗಿ ನೋಡಿ, ಉಳೀತರಿ ಬಾಯಾರ ಎಂದರು. ನನಗೂ ಸಂತೋಷವಾಯಿತು.

ಅವರನ್ನು ಸಾಗಿಸಬೇಕಾದ ಭಾನುವಾರ ನನ್ನ ಪ್ರೊಫೆಸರು ಊಟಕ್ಕೆ ಬರುವವರಿದ್ದರು. ಮುಂದಿನ ವರ್ಷ ನನ್ನ ಕೆಲಸ ಮುಂದುವರಿಯುವುದೋ ಇಲ್ಲವೋ ಎಂಬುದು ಅವರ ಕೈಯಲ್ಲಿತ್ತು. ಅವರು ಒಂದು ಗಂಟೆಗೆ ಬರುತ್ತಾರೆ. ಹಾಲಿನಲ್ಲಿ ಹಾಸಿಗೆ, ಔಷಧದ ವಾಸನೆ, ಲುಂಗಿ ಉಟ್ಟ ಮನುಷ್ಯ. ಸಿಪಾಯಿಗಳ ಬಗ್ಗೆ ಆಯುಷ್ಯವೆಲ್ಲ ಬರೆದ ಆ ಮುದುಕರಿಗೆ ಬಸವಂತಪ್ಪನವರನ್ನು ಕಂಡರೆ ಎಷ್ಟು ಖುಷಿಯಾಗುತ್ತಿತ್ತೋ. ಆ ಯೋಚನೆಯೂ ನನಗೆ ಬರಲಿಲ್ಲ. ಮನೆ ಖಾಲಿ ಮಾಡಿಸಬೇಕು, ಅಷ್ಟೇ ತಲೆಯಲ್ಲಿತ್ತು.

ಮುಂದಿನ ಮನೆ ಸೌದಾಮಿನಿಯದು. ಭಾನುವಾರ ನನಗೆ ಡ್ಯೂಟಿ, ಜಯರಾಜ್ ಊರಲ್ಲಿಲ್ಲ, ಆರು ಗಂಟೆ ಮೇಲೆ ಕರೆದುಕೊಂಡು ಬನ್ನಿ ಎಂದು ಅವಳು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದಳು. ನಾನು ಹನ್ನೊಂದಕ್ಕೇ ಅವರನ್ನು ಕಾರಿನಲ್ಲಿ ಕೂರಿಸಿ ಡಂಬಾರ್ಟನ್ ಸೇತುವೆ ದಾಟಿ ಫ್ರೀಮಾಂಟಿಗೆ ಬಂದೆ. ಬೇಗ ಹೋದರೂ ಯಾರಾದರೂ ಇದ್ದೇ ಇರುತ್ತಾರೆ ಎಂದು ಅವರಿಗೆ ಹೇಳಿದೆ, ನನಗೂ ಹೇಳಿಕೊಂಡೆ. ಸೌದಾಮಿನಿಯ ಮನೆ ಮುಂದೆ ಕಾರಿರಲಿಲ್ಲ. ಕಿಟಕಿಯ ಪರದೆಗಳು ಮುಚ್ಚಿದ್ದವು. ಬೆಲ್ ಒತ್ತಿದೆ, ಯಾರೂ ಬರಲಿಲ್ಲ. ಗಡಿಯಾರ ನೋಡಿದೆ. ಅದನ್ನು ಬಸವಂತಪ್ಪನವರು ನೋಡಿದರು.

"ನೀವು ನಡೀರಿ ಬಾಯಾರ. ಒಳಗ ಸ್ನಾನಕ್ಕ ಹೋಗಿರಬೇಕು. ನಾ ಇಲ್ಲೇ ಮೆಟ್ಟಲ ಮ್ಯಾಲೆ ಕುಂದರ್ತೀನಿ."

ಒಳಗೆ ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರು ನನಗೊಂದು ನೆಪ ಕೊಟ್ಟರು, ನಾನು ತೆಗೆದುಕೊಂಡೆ. ಬ್ಯಾಗನ್ನು ಅವರ ಪಕ್ಕದಲ್ಲಿಟ್ಟು ಹೊರಟುಬಂದೆ.

ಊಟ ಚೆನ್ನಾಗಿ ಆಯಿತು. ಪ್ರೊಫೆಸರು ಎರಡು ಸಲ ಬಿಸಿಬೇಳೆ ಭಾತು ಹಾಕಿಸಿಕೊಂಡರು. ಸಿಪಾಯಿಯನ್ನು ಗಾಡಿಯಲ್ಲಿ ಹಾಕಿ ಊರಗಡಿಯಲ್ಲಿ ಬಿಟ್ಟುಬಂದ ಪ್ರಸಂಗವನ್ನು ನಾನು ಅವರಿಗೆ ವಿವರಿಸಿದೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ಅವರು ಅದನ್ನೇ ಪುಸ್ತಕದ ಮೊದಲ ಅಧ್ಯಾಯ ಮಾಡು ಎಂದರು. ಆ ಪ್ರಸಂಗ ಹೇಳುವಾಗ ನನ್ನ ನಾಲಿಗೆ ತಡವರಿಸಲಿಲ್ಲ. ಬಸವಂತಪ್ಪನವರು ನೆನಪಾಗಲೇ ಇಲ್ಲ ಎಂದರೆ ಸುಳ್ಳಾದೀತು. ಒಮ್ಮೆ ನೆನಪಾದರು, ಈ ಹೊತ್ತಿಗೆ ಸೌದಾಮಿನಿ ಬಂದಿರುತ್ತಾಳೆ ಎಂದುಕೊಂಡು ಮತ್ತೆ ಹಪ್ಪಳ ಬಡಿಸಿದೆ.

ಸೌದಾಮಿನಿ ಬಂದದ್ದು ಆರೂಕಾಲಿಗೆ. ಅವರು ಆರು ಗಂಟೆಗೂ ಹೆಚ್ಚು ಕಾಲ ಬಿಸಿಲಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನಡುವೆ ಹಿತ್ತಲಿಗೆ ಹೋಗಲೇಬೇಕಾಯಿತು. ಊರುಗೋಲು ಊರಿಕೊಂಡು ಹುಲ್ಲಿನ ಮೇಲೆ ಹೋಗುತ್ತಿರುವಾಗ ಅದಕ್ಕೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರು ತನ್ನ ಹೊತ್ತಿಗೆ ತಾನೇ ಚಾಲೂ ಆಯಿತು. ಓಡಲು ಹೋಗಿ ಬಿದ್ದರು. ಎದ್ದುಬರುವಷ್ಟರಲ್ಲಿ ಕಾಲಿನ ಪಟ್ಟಿಯೆಲ್ಲ ನೀರು, ಕೆಸರು. ಒದ್ದೆ ಪಟ್ಟಿಯಲ್ಲೇ ಎರಡು ಗಂಟೆ ಕಳೆದಿದ್ದರು. ಸೌದಾಮಿನಿ ಬಂದವಳೇ ಬಿಚ್ಚಿ, ತೊಳೆದು, ಹೊಸದು ಕಟ್ಟಿದಳು. ನಾಲ್ಕನೆಯ ದಿನ ಜ್ವರ ಏರಿತು. ಎಂಟನೆಯ ದಿನ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಮತ್ತೆ ಮೀಟಿಂಗು. ಈ ಸಲದ ಪ್ರಶ್ನೆ, ಆ ಭಾನುವಾರ ಯಾರದು ಎಂಬುದು. ಹೊರಡಿಸಿದ ಮೇಲೆ ಬರಮಾಡಿಕೊಳ್ಳುವ ಮನೆಯದೇ ಎಂದು ಕೆಲವರು, ಒಳಗೆ ಸೇರಿಸಿಕೊಳ್ಳುವವರೆಗೆ ಕಳಿಸಿದ ಮನೆಯದೇ ಎಂದು ಕೆಲವರು. ನಾನು ಮೈಕ್ರೋಫಿಲ್ಮಿನಲ್ಲಿ ಓದಿದ ಮಾತುಗಳೇ, ಕನ್ನಡದಲ್ಲಿ. ಸೌದಾಮಿನಿ ಯಾರ ಕಡೆಯೂ ನೋಡದೆ ನನ್ನನ್ನೇ ಕೇಳಿದಳು.

"ನಾನು ಆರು ಗಂಟೆ ಮೇಲೆ ಅಂತ ಹೇಳಿದ್ದೆ ಅಲ್ವಾ ಪದ್ಮಜಾ? ಮನೇಲಿ ಯಾರೂ ಇಲ್ಲ ಅಂತ ನಿಮ್ಗೆ ಗೊತ್ತಾಗ್ಲಿಲ್ವಾ?"

ಎಲ್ಲರೂ ನನ್ನತ್ತ ತಿರುಗಿದರು. ಬಸವಂತಪ್ಪನವರೇ ಅವಸರ ಮಾಡಿದರು, ರಸ್ತೆಯ ಮೂಲೆಯಲ್ಲಿ ಇಳಿಸಿದರೆ ಸಾಕು ಎಂದರು, ಬಾಗಿಲವರೆಗೆ ನಾನು ಹೋಗಲಿಲ್ಲ ಎಂದೆ. ಶೇಷಗಿರಿಯವರಿಗೆ ನನ್ನ ಮಾತು ಪೂರ್ತಿ ನಂಬಿಕೆಯಾಗಲಿಲ್ಲವೇನೋ, ಆಸ್ಪತ್ರೆಗೆ ಹೋಗಿ ಬಸವಂತಪ್ಪನವರನ್ನೇ ಕೇಳಿಬಂದರು. ಅವರು ಅದೇ ಮಾತು ಹೇಳಿದರಂತೆ, ನಾನೇ ಜಲ್ದಿ ಹೊಂಟೆ, ಬಾಯಾರು ಬ್ಯಾಡಂದ್ರು, ನಾ ಕೇಳಲಿಲ್ಲ ಎಂದು. ನಾನು ಏನು ಹೇಳಿದ್ದೆನೆಂದು ಅವರಿಗೆ ಹೇಗೆ ಗೊತ್ತಾಯಿತೋ ಇವತ್ತಿಗೂ ತಿಳಿಯದು. ಬಹುಶಃ ನನ್ನಂಥವರು ಏನು ಹೇಳುತ್ತಾರೆ ಎಂಬುದು ಅವರಿಗೆ ಅಭ್ಯಾಸವಾಗಿತ್ತು. ರೋಗಿಯ ಸ್ವಂತ ಅಜಾಗರೂಕತೆಯಿಂದ ಹೀಗಾಯಿತು ಎಂದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತು. ನನ್ನ ಕೈಬರಹ ಚೆನ್ನಾಗಿದೆ ಎಂದೇ ನನ್ನನ್ನು ಕಾರ್ಯದರ್ಶಿ ಮಾಡಿದ್ದರು.

ನಾನು ಓದುತ್ತಿದ್ದ ಹಳೆಯ ಕಾಗದಗಳಲ್ಲೂ ಇಂಥ ಮಾತು ಎಷ್ಟೋ ಕಡೆ ಇತ್ತು. ಈ ಸಿಪಾಯಿ ಕುಡುಕ, ತಾನೇ ಊರು ಬಿಟ್ಟುಹೋದ, ತನ್ನ ತಪ್ಪಿನಿಂದಲೇ ಕೆಟ್ಟ. ಬರೆದಿದೆಯಲ್ಲ ಎಂದು ನಾನು ನಂಬಿ ನನ್ನ ಪ್ರಬಂಧದಲ್ಲಿ ಉದ್ಧರಿಸಿದ್ದೆ. ಬರೆದವರು ನನ್ನಂಥವರು ಎಂದು ಈಗ ಗೊತ್ತಾಯಿತು.

ಆಸ್ಪತ್ರೆಗೆ ಹೋದೆ. ಕ್ಷಮೆ ಕೇಳಲು ಬಾಯಿ ತೆರೆದೆ, ಅತ್ತುಬಿಟ್ಟೆ. ಬಸವಂತಪ್ಪನವರು ನನ್ನ ಅಳು ಮುಗಿಯುವವರೆಗೆ ಕಾದರು. ಹೊದಿಕೆಯ ಕೆಳಗೆ ಎಡಗಡೆ ಅರ್ಧಕ್ಕೆ ಏನೂ ಇರಲಿಲ್ಲ. ನೀವು ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

"ನಿಮ್ಮ ಸಲುವಾಗಿ ಅಲ್ರಿ. ನೀವು ತಪ್ಪು ಮಾಡೀರಿ ಅಂತ ಆದ್ರ ನಿಮ್ಮ ಮನಿ ತಗದು ಹಾಕ್ತಾರ. ಒಂದು ಮನಿ ಹೋತಂದ್ರ ಎರಡನೇದವ್ರು ನಮಗೂ ಬ್ಯಾಡ ಅಂತಾರ. ಆಮ್ಯಾಲ ನಾ ಎಲ್ಲಿಗೆ ಹೋಗ್ಲಿ? ಇನ್ನ ಐದು ಮನಿ ಅದಾವರಿ. ಸುಮ್ಮನ ಇದ್ದುಬಿಡ್ರಿ."

ನನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ಎಷ್ಟು ಮನೆ ಉಳಿದಿವೆ ಎಂಬುದೊಂದೇ ಅವರ ತಲೆಯಲ್ಲಿತ್ತು. ಬೆಟ್ಟದ ಮೇಲೆ ರೇಷನ್ನು ಹಂಚಿದ ಮನುಷ್ಯ, ಇದ್ದದ್ದರಲ್ಲಿ ಎಷ್ಟು ದಿನ ಬರುತ್ತದೆ ಎಂದು ನೋಡುತ್ತಿದ್ದರು. ಸುಮ್ಮನಿರುತ್ತೇನೆ ಎಂದು ಒಪ್ಪಿಕೊಂಡು ಬಂದೆ.

ಹತ್ತು ದಿನ ಸುಮ್ಮನಿದ್ದೆ. ಅನ್ನ ಸೇರಲಿಲ್ಲ. ಮೈಕ್ರೋಫಿಲ್ಮಿನ ಮುಂದೆ ಕೂತರೆ ಅಕ್ಷರ ಕಾಣುತ್ತಿರಲಿಲ್ಲ. ಸೌದಾಮಿನಿಯೊಡನೆ ಫೋನಿನಲ್ಲಿ ಮಾತಾಡುವಾಗ ನನ್ನ ದನಿ ನನಗೇ ಕಳ್ಳಿಯದು ಅನ್ನಿಸುತ್ತಿತ್ತು. ಅರವಿಂದನಿಗೆ ಹೇಳಿದೆ. ಅವನು ಸತ್ಯ ಹೇಳಿಬಿಡು, ಮನಸ್ಸಿಗೆ ಸಮಾಧಾನವಾಗುತ್ತದೆ ಎಂದ. ಯಾರ ಮನಸ್ಸಿಗೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ನಮ್ಮ ಮನೆಗೇ ಕರೆದುಕೊಂಡು ಬಂದು ಎರಡು ತಿಂಗಳು ಇಟ್ಟುಕೊಳ್ಳೋಣ ಎಂದು ನಾನು ಹೇಳಬಹುದಿತ್ತು. ಬಾಯಿಗೆ ಬಂದಿತ್ತು. ಅಡುಗೆಮನೆಯಲ್ಲಿ ಅತ್ತೆ ಇದ್ದರು, ನುಂಗಿಕೊಂಡೆ. ಸತ್ಯ ಹೇಳುವುದು ಅದಕ್ಕಿಂತ ಸುಲಭವಾಗಿತ್ತು.

ಮುಂದಿನ ಮೀಟಿಂಗಿನಲ್ಲಿ ಎದ್ದುನಿಂತು ಎಲ್ಲವನ್ನೂ ಹೇಳಿದೆ. ಗಡಿಯಾರ ನೋಡಿದ್ದು, ಪರದೆ ಮುಚ್ಚಿದ್ದದ್ದು, ಪ್ರೊಫೆಸರ ಊಟ. ಕೆಲವರು ನನ್ನ ಧೈರ್ಯವನ್ನು ಹೊಗಳಿದರು. ಸೌದಾಮಿನಿ ಹೊಗಳಲಿಲ್ಲ. ಜಯರಾಜ್ ಗಂಟಲು ಸರಿಮಾಡಿಕೊಂಡು, ಓದಿದವರೇ ಹೀಗೆ ಮಾಡಿದರೆ ಇನ್ನು ಯಾರನ್ನು ನಂಬುವುದು, ಈ ದೇಶದಲ್ಲಿ ಕಾಲು ಹೋಯಿತೆಂದು ಕೇಸು ಹಾಕಿದರೆ ಮನೆ ಮಾರಬೇಕಾಗುತ್ತದೆ ಎಂದರು. ಅಷ್ಟೇ ಬೇಕಾಗಿತ್ತು. ಒಬ್ಬರಿಗೆ ಇನ್ಶೂರೆನ್ಸಿನ ಚಿಂತೆ, ಇನ್ನೊಬ್ಬರಿಗೆ ಊರಿನಿಂದ ಬರುವ ಅಪ್ಪ ಅಮ್ಮ. ಅರ್ಧ ಗಂಟೆಯಲ್ಲಿ ಐದು ಮನೆಯೂ ಹೋದವು. ಸೌದಾಮಿನಿ ತಾನೊಬ್ಬಳೇ ಇಟ್ಟುಕೊಳ್ಳುತ್ತೇನೆ ಎಂದಳು, ಜಯರಾಜ್ ಬೇಡವೆಂದು ಅವಳ ತೋಳು ಹಿಡಿದು ಕೂರಿಸಿದರು. ಶೇಷಗಿರಿಯವರು ಕನ್ನಡಕ ತೆಗೆದು ಒರೆಸುತ್ತಾ ಕೂತಿದ್ದರು. ಏಳು ಮನೆಯ ಅನ್ನ ಉಂಡವರು ಅವರು, ಒಂದು ಮನೆಯನ್ನೂ ಹಿಡಿದುಕೊಳ್ಳಲು ಆಗಲಿಲ್ಲ. ಹಳೆಯ ನಡಾವಳಿಯನ್ನು ತಿದ್ದಬೇಕೇ ಎಂದು ನಾನು ಕೇಳಿದ್ದಕ್ಕೆ, "ಬಿಡೀಮ್ಮ, ಇನ್ನೇನು ಪ್ರಯೋಜನ" ಎಂದರು.

ಬಸವಂತಪ್ಪನವರನ್ನು ಕೌಂಟಿಯ ಕೇರ್ ಹೋಮಿಗೆ ಕಳಿಸಿದರು. ಇಲ್ಲಿಂದ ಫ್ರೀವೇಯಲ್ಲಿ ಎರಡು ಗಂಟೆಯ ದಾರಿ. ನಾನು ಹೋದದ್ದು ಡಿಸೆಂಬರಿನಲ್ಲಿ, ಒಂದು ಶನಿವಾರ ಮಧ್ಯಾಹ್ನ. ಉದ್ದನೆಯ ಹಾಲಿನಲ್ಲಿ ಟೀವಿ ಹಾಕಿತ್ತು, ಅದರ ಮುಂದೆ ಸಾಲಾಗಿ ಗಾಲಿಕುರ್ಚಿಗಳು. ಅವರ ಮೀಸೆಯನ್ನು ಯಾರೋ ಬೋಳಿಸಿದ್ದರು, ಊಟ ಮಾಡಿಸಲು ಅಡ್ಡವಾಗುತ್ತದೆಂದು. ಮೊದಲು ಗುರುತೇ ಸಿಗಲಿಲ್ಲ. ನಾನು ಕನ್ನಡದಲ್ಲಿ ಹೆಸರು ಹಿಡಿದು ಕರೆದಾಗ ಅವರು ತಕ್ಷಣ ತಿರುಗಲಿಲ್ಲ. ಬಂದಾಗಿನಿಂದ ಅಲ್ಲಿ ಯಾರೂ ಅವರನ್ನು ಪೂರ್ತಿ ಹೆಸರಿನಿಂದ ಕರೆದಿರಲಿಲ್ಲವಂತೆ.

ಜೋಳದ ರೊಟ್ಟಿ ಒಯ್ದಿದ್ದೆ. ಆರಿ ಒರಟಾಗಿತ್ತು, ಆದರೂ ಮುರಿದು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. ಕೂಟದವರೆಲ್ಲ ಹೇಗಿದ್ದಾರೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಬಾಣಂತಿಯ ಮಗು ಗಂಡೋ ಹೆಣ್ಣೋ ಎಂದೂ ಕೇಳಿದರು. ಮೀಟಿಂಗಿನ ವಿಷಯ ಶೇಷಗಿರಿಯವರು ಹೇಳಿದ್ದರೆಂದು ತೋರುತ್ತದೆ. ಉಳಿದ ರೊಟ್ಟಿಯನ್ನು ಬದಿಗಿಟ್ಟರು. ಆಮೇಲೆ ನನ್ನನ್ನು ನೇರವಾಗಿ ನೋಡಿದರು. ಅವರ ಮಾತಿನಲ್ಲಿ ಚುಚ್ಚು ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದರು.

"ಖರೇ ಹೇಳಿದ ಮ್ಯಾಲ ನಿಮಗ ಹಗೂರ ಆತೇನ್ರಿ, ಬಾಯಾರ?"

ಆಗಿತ್ತು. ಎಲ್ಲವನ್ನೂ ಹೇಳಿದ ಆ ರಾತ್ರಿ ಮನೆಗೆ ಬಂದು ಹೊಟ್ಟೆ ತುಂಬ ಉಂಡಿದ್ದೆ, ಚೆನ್ನಾಗಿ ನಿದ್ದೆಯೂ ಬಂದಿತ್ತು. ಅವರ ಮುಂದೆ ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ. ಹೂಂ ಎಂದೆ.